ನಿಸ್ತಂತು ಜಾಲದ ಎರಡು ಪೆಟ್ಟಿಗೆಗಳು

ರೂಟರ್ ಮತ್ತು ಆಕ್ಸೆಸ್ ಪಾಯಿಂಟ್ ಎಂಬ ಎರಡು ಮಾತುಗಳು ಈಗ ನಮ್ಮ ಸಣ್ಣ ಊರುಗಳ ಪೇಟೆಬೀದಿಗಳಲ್ಲಿಯೂ ಕೇಳಿಬರುತ್ತವೆ. ಎರಡೂ ಅಂಗೈಯಗಲದ ಪೆಟ್ಟಿಗೆಗಳು. ಎರಡರಿಂದಲೂ ವೈ-ಫೈ ಹೊಮ್ಮುತ್ತದೆ. ಹೊರರೂಪದಲ್ಲಿ ಇಷ್ಟು ಸಾಮ್ಯವಿರುವುದರಿಂದ, ಒಂದು ಬೇಕಾದವರು ಇನ್ನೊಂದನ್ನು ಕೊಂಡು ತಂದು, ಇದ್ದ ಅನುಕೂಲವನ್ನೂ ಕೆಡಿಸಿಕೊಳ್ಳುವುದುಂಟು. ಪದಗಳ ಅರ್ಥ ಬಿಡಿಸುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನಿಗೆ ಇವುಗಳ ಅಂತರವನ್ನು ವಿವರಿಸಬೇಕೆನಿಸಿದ್ದು ಸಹಜವೇ.

ರೂಟರ್ ಎಂದರೆ ದಾರಿ ಹಿಡಿಸಿ ಕಳುಹಿಸುವ ಯಂತ್ರ. ಅದು ಹೊರಗಿನ ಅಂತರಜಾಲಕ್ಕೂ ಮನೆಯೊಳಗಿನ ಪುಟ್ಟ ಜಾಲಕ್ಕೂ ನಡುವೆ, ಹೊಸ್ತಿಲಿನ ಮೇಲೆ ನಿಂತಿರುತ್ತದೆ. ಅಂತರಜಾಲದ ಹಳೆಯ ವಿಳಾಸಪದ್ಧತಿಯಲ್ಲಿ ಒಟ್ಟು ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಜಗತ್ತಿನ ಉಪಕರಣಗಳಿಗೆ ಇವು ಸಾಲವು. ಆದಕಾರಣ ಆ ಪದ್ಧತಿಯಲ್ಲಿ ಮನೆಯೊಂದಕ್ಕೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ವಿಳಾಸ ದೊರೆಯದು. ಒಳಗಿನ ಫೋನು, ಗಣಕಯಂತ್ರಗಳಿಗೆ ರೂಟರೇ 192.168 ಎಂದು ಮೊದಲಾಗುವ ಒಳವಿಳಾಸಗಳನ್ನು ಹಂಚುತ್ತದೆ. ಯಾರು ಏನು ಕೇಳಿದರೆಂಬುದನ್ನು ಬರೆದಿಟ್ಟುಕೊಂಡು, ಹೊರಗಿನಿಂದ ಬಂದ ಉತ್ತರವನ್ನು ಕೇಳಿದವರಿಗೇ ತಲುಪಿಸುತ್ತದೆ. ಹಳ್ಳಿಯ ಶಾನುಭೋಗರ ಕೆಲಸವೆನ್ನಿ.

ಆಕ್ಸೆಸ್ ಪಾಯಿಂಟಿಗೆ ಈ ಲೆಕ್ಕಪತ್ರದ ಗೊಡವೆಯಿಲ್ಲ. ತಂತಿಯಲ್ಲಿ ಬಂದುದನ್ನು ಗಾಳಿಗೂ, ಗಾಳಿಯಲ್ಲಿ ಬಂದುದನ್ನು ತಂತಿಗೂ ದಾಟಿಸುವ ಅಂಬಿಗ ಅದು. ಪಾಸ್‌ವರ್ಡ್ ಒಂದನ್ನು ಕೇಳಿ ದೋಣಿ ಹತ್ತಿಸಿಕೊಳ್ಳುತ್ತದೆ, ಅಷ್ಟೆ. ನಾವು ಮನೆಗಳಲ್ಲಿ ರೂಟರ್ ಎಂದು ಕರೆಯುವ ಪೆಟ್ಟಿಗೆಯೊಳಗೆ ಶಾನುಭೋಗನೂ ಅಂಬಿಗನೂ ಒಟ್ಟಿಗೆ ಕುಳಿತಿರುವುದೇ ಗೊಂದಲಕ್ಕೆಲ್ಲ ಮೂಲ. ಗಾಜಿನೆಳೆಯ ಸಂಪರ್ಕ ಕೊಡುವಾಗ ಕಂಪೆನಿಯವರು ಗೋಡೆಗೆ ಹಾಕಿಹೋಗುವ ಪೆಟ್ಟಿಗೆಯೂ ಸಾಮಾನ್ಯವಾಗಿ ಇಂಥದೇ. ಎಂದರೆ, ಅಂಗಡಿಗೆ ಹೊರಡುವ ಮುನ್ನವೇ ನಿಮ್ಮ ಮನೆಯಲ್ಲಿ ಒಂದು ರೂಟರ್ ಇದ್ದಿರಬಹುದು.

ಎರಡನೆಯ ಪೆಟ್ಟಿಗೆ ಬೇಕಾಗುವುದು ಗೋಡೆಗಳ ದೆಸೆಯಿಂದ. ಮಧ್ಯಮ ತರಂಗದ ಬಾನುಲಿಯ ಅಲೆಗಳು ನೂರಾರು ಮೀಟರು ಉದ್ದ. ಮಣ್ಣಿನ ಗೋಡೆಯನ್ನು ಅವು ಲೆಕ್ಕಿಸವು. ವೈ-ಫೈಯ 2.4 ಗಿಗಾಹರ್ಟ್ಸ್ ಅಲೆಯ ಉದ್ದವಾದರೋ ಸುಮಾರು ಹನ್ನೆರಡೂವರೆ ಸೆಂಟಿಮೀಟರು. 5 ಗಿಗಾಹರ್ಟ್ಸಿನದು ಅದರ ಅರ್ಧದಷ್ಟು. ಎರಡನೆಯದು ವೇಗಶಾಲಿ, ಆದರೆ ಗೋಡೆ ಕಂಡರೆ ಬೇಗ ಸೊರಗುತ್ತದೆ. ಎರಡಡಿ ದಪ್ಪ ಗೋಡೆಯ ತೊಟ್ಟಿಮನೆಯಲ್ಲಿ ನಡುಮನೆಯ ವೈ-ಫೈ ಹಿತ್ತಿಲ ಕೋಣೆಗೆ ಮುಟ್ಟದಿರುವುದು ಯಂತ್ರದ ದೋಷವಲ್ಲ.

ನಾನು ಬಲ್ಲ ಒಂದು ವಾಚನಾಲಯದಲ್ಲಿ ನಡೆದುದನ್ನು ಹೇಳುತ್ತೇನೆ. ಮಹಡಿಯ ಮೇಲೆ ಓದಲು ಕೂರುವ ಹುಡುಗರಿಗೆ ಸಂಪರ್ಕ ಸಿಗುತ್ತಿಲ್ಲವೆಂದು ಕಾರ್ಯದರ್ಶಿಗಳು ಅಂಗಡಿಯೊಂದರಿಂದ ಮತ್ತೊಂದು ರೂಟರನ್ನೇ ತರಿಸಿದರು. ಅಂತರಜಾಲವೇನೋ ಮೇಲಕ್ಕೆ ಬಂತು. ಆದರೆ ಮೇಲಿದ್ದವರಿಗೆ ಕೆಳಗಿನ ಪ್ರಿಂಟರ್ ಕಾಣದಾಯಿತು. ಒಂದು ಊರಿಗೆ ಇಬ್ಬರು ಶಾನುಭೋಗರು! ಮೇಲಿನವನು ತನ್ನದೇ ವಿಳಾಸಗಳನ್ನು ಹಂಚಿ, ಮಹಡಿಯನ್ನು ಬೇರೆ ಊರಾಗಿಸಿಬಿಟ್ಟಿದ್ದ. ಹಾಜರಾತಿ ಕರೆದಂತೆ ಪ್ರಿಂಟರನ್ನು ಹುಡುಕುವ ಕೂಗು ಒಂದು ಜಾಲದ ಎಲ್ಲೆಯನ್ನು ದಾಟುವುದಿಲ್ಲ. ನೌಕರಿಯ ಅರ್ಜಿಗೆ ಅಂದೇ ಕಡೆಯ ದಿನವಾಗಿದ್ದ ಹುಡುಗಿಯೊಬ್ಬಳು, ಪ್ರತಿ ತೆಗೆದು ಸಹಿಮಾಡಿ ಮತ್ತೆ ಸೇರಿಸಬೇಕಾಗಿದ್ದವಳು, ಮಹಡಿಗೂ ಕೆಳಗಿಗೂ ಅಲೆದಳು. ಕೊನೆಗೆ ಕೆಳಗೆ ಕುಳಿತು ಹಳೆಯ ಜಾಲವನ್ನು ಹಿಡಿದಾಗ ಕೆಲಸವಾಯಿತು. ಆ ವೇಳೆಗೆ ಸಂಜೆಯಾಗಿತ್ತು.

ಇದರ ಪರಿಹಾರಕ್ಕೆ ಕಾಸು ಖರ್ಚಿಲ್ಲ. ಅನೇಕ ರೂಟರುಗಳಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂಬ ಏರ್ಪಾಡಿರುತ್ತದೆ. ಅದನ್ನು ಆರಿಸಿದರೆ ಶಾನುಭೋಗ ದಫ್ತರ ಕಟ್ಟಿಟ್ಟು ಅಂಬಿಗನಾಗುತ್ತಾನೆ. ಅದಿಲ್ಲದಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಕೆಲಸವನ್ನು ನಿಲ್ಲಿಸಿ, ಆ ಪೆಟ್ಟಿಗೆಯ ಸ್ವಂತ ವಿಳಾಸವು ಕೆಳಗಿನದರೊಡನೆ ತಾಕದಂತೆ ಬದಲಿಸಿ, ಕೇಬಲನ್ನು ‘ವ್ಯಾನ್’ ಎಂಬ ಕಿಂಡಿಯಿಂದ ಕಿತ್ತು ‘ಲ್ಯಾನ್’ ಎಂಬುದಕ್ಕೆ ಚುಚ್ಚಬೇಕು. ಆ ವಾಚನಾಲಯದಲ್ಲಿ ಹೀಗೆಯೇ ಮಾಡಲಾಯಿತು. ಮೇಲೂ ಕೆಳಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಫೋನು ಮೆಟ್ಟಿಲು ಹತ್ತುವಾಗ ತಾನೇ ಬದಲಿಸಿಕೊಳ್ಳುತ್ತದೆ. 2.4ರ ಪಟ್ಟಿಯಲ್ಲಿ ಮಾತ್ರ ಎರಡಕ್ಕೂ ಬೇರೆ ಬೇರೆ ಚಾನೆಲ್ ಇರಲಿ. 1, 6, 11 ಒಂದರ ಮೇಲೊಂದು ಬೀಳವು.

ಹಾಗಾದರೆ ಹೊಸದಾಗಿ ಕೊಳ್ಳುವವರು ಏನನ್ನು ಕೊಳ್ಳಬೇಕು? ಹೊರಗಿನ ಸಂಪರ್ಕ ಒಂದಿದ್ದು ರೂಟರೇ ಇಲ್ಲದಿದ್ದರೆ ರೂಟರು. ನಾಲ್ಕು ಕೋಣೆಯ ಮನೆಗೆ ಬಹುಮಟ್ಟಿಗೆ ಅದೊಂದೇ ಸಾಕು. ರೂಟರಿದ್ದು ಹರವು ಸಾಲದಿದ್ದರೆ ಆಕ್ಸೆಸ್ ಪಾಯಿಂಟು. ಹಾಸ್ಟೆಲು, ವಾಚನಾಲಯ, ಕಲ್ಯಾಣಮಂಟಪಗಳಂಥ ಜನ ಸೇರುವ ಕಡೆ ಸಂಸ್ಥೆಗಳಿಗೆಂದೇ ಮಾಡಿದ ಆಕ್ಸೆಸ್ ಪಾಯಿಂಟುಗಳನ್ನು ಹಾಕಿಸುವುದೇ ಲೇಸು. ಮನೆಬಳಕೆಯ ಪೆಟ್ಟಿಗೆ ಅಷ್ಟು ಮಂದಿಗೆ ತಡೆಯದು. ಕೇಬಲ್ ಎಳೆಯುವ ಬೇಸರಕ್ಕೆ ರಿಪೀಟರ್ ತರುವವರಿದ್ದಾರೆ. ಒಂದೇ ಚಾನೆಲಿನಲ್ಲಿ ಕೇಳಿಸಿಕೊಂಡು ಮತ್ತೆ ಹೇಳಬೇಕಾದ ರಿಪೀಟರಿನ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಗೋಡೆಗೊಂದು ತೂತು ಕೊರೆಸುವುದೇ ಮೇಲೆಂದು ನನ್ನ ಮತ.

ಆ ಕೇಬಲ್ ನೂರು ಮೀಟರಿನವರೆಗೂ ಹೋಗಬಹುದು. 2003ರಿಂದೀಚೆಗಿನ ಒಂದು ಮಾನಕದಂತೆ ಅದರಲ್ಲಿಯೇ ವಿದ್ಯುತ್ತನ್ನೂ ಕಳುಹಿಸಬಹುದಾದ್ದರಿಂದ, ಅದಕ್ಕೆ ಒಗ್ಗುವ ಆಕ್ಸೆಸ್ ಪಾಯಿಂಟಿಗೆ ಚಾವಣಿಯಲ್ಲಿ ಬೇರೆ ಪ್ಲಗ್ಗು ಬೇಕಿಲ್ಲ. ಕೆಳಗಿನ ರೂಟರು, ಕಂಪೆನಿಯ ಪೆಟ್ಟಿಗೆ ಮತ್ತು ಕೇಬಲಿಗೆ ವಿದ್ಯುತ್ತು ಕೊಡುವ ಸಾಧನ ಇವುಗಳಿಗೆ ಒಂದು ಸಣ್ಣ ಯುಪಿಎಸ್ ಇಟ್ಟರೆ, ಕರೆಂಟು ಹೋದಾಗಲೂ ಮಹಡಿಯ ಹುಡುಗರಿಗೆ ಸಂಪರ್ಕವಿರುತ್ತದೆ.