ಹಚ್ಚಿದರೊಂದು ಅರ್ಥ, ಬಿಟ್ಟರೆ ಇನ್ನೊಂದು

ನಾಗಾಲ್ಯಾಂಡಿನ ಮೊಕೊಕ್‌ಚುಂಗ್ ಜಿಲ್ಲೆಯಲ್ಲಿ ಆವೊ ನಾಗಾ ಜನರು ಆಡುವ ಮೊಂಗ್ಸೆನ್ ನುಡಿಯಲ್ಲಿ ‘ಕೋಳಿಗಳು ಭತ್ತ ತಿಂದವು’ ಎನ್ನುವುದಕ್ಕೆ ಎರಡು ದಾರಿಗಳಿವೆ. ಕೋಳಿ ಎಂಬ ಪದವನ್ನು ಬರಿದೇ ಬಿಟ್ಟರೆ, ಹಾಕಿದ ಕಾಳನ್ನು ಅವು ತಿಂದವು ಎಂದಷ್ಟೇ ತಿಳಿಯುತ್ತದೆ. ಅದರ ಬೆನ್ನಿಗೆ ‘ನ’ ಎಂಬ ಪುಟ್ಟ ಪ್ರತ್ಯಯ ಬಂತೋ, ಭತ್ತ ಇಟ್ಟಿದ್ದ ಜಾಗಕ್ಕೇ ನುಗ್ಗಿ ಕದ್ದು ತಿಂದವು ಎಂದಾಗುತ್ತದೆ. ಕದಿಯುವುದು ಎಂಬ ಕ್ರಿಯಾಪದ ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ದೂರೆಲ್ಲ ಇರುವುದು ಆ ಒಂದಕ್ಷರದಲ್ಲಿ.

ಮಂಗ್ಮೆಟೊಂಗ್ ಎಂಬ ಹಳ್ಳಿಯ ಮಾತನ್ನು ಆಧರಿಸಿ ಭಾಷಾವಿಜ್ಞಾನಿ ಅಲೆಕ್ಸಾಂಡರ್ ಕೂಪ್ 2007ರಲ್ಲಿ ಪ್ರಕಟಿಸಿದ ಮೊಂಗ್ಸೆನ್ ಆವೊ ವ್ಯಾಕರಣದಲ್ಲಿ ಇದರ ವಿವರವಿದೆ. ಆವೊ ನುಡಿಯ ಎರಡು ಮುಖ್ಯ ಪ್ರಭೇದಗಳಲ್ಲಿ ಚುಂಗ್ಲಿಗೆ ಮಿಷನರಿಗಳ ಕಾಲದಿಂದ ಬರಹದ ಮನ್ನಣೆ ಸಿಕ್ಕಿತು. ಮೊಂಗ್ಸೆನ್ ಮನೆ ಮತ್ತು ಊರಿನ ಮಾತಾಗಿ ಉಳಿಯಿತು. ಇಷ್ಟು ನವಿರಾದ ಭೇದ ಬೆಳಕಿಗೆ ಬಂದದ್ದು ಆ ಊರಿನ ಮಾತಿನಿಂದಲೇ.

ಕರ್ತೃವಿಗೊಂದು ಗುರುತು

ಕನ್ನಡದಲ್ಲಿ ‘ರಾಮ ಬಂದ’, ‘ರಾಮ ಮಾವು ತಿಂದ’ ಎನ್ನುವಾಗ ರಾಮನ ರೂಪ ಬದಲಾಗದು. ಹಿಂದಿಯಲ್ಲಿ ಬಂದವನು ಬರೀ ‘ರಾಮ್’, ತಿಂದವನು ‘ರಾಮ್ ನೇ’. ನಮ್ಮ ಕರಾವಳಿಯ ಕೊಂಕಣಿಯಲ್ಲೂ ಮಾವು ತಿಂದವನು ‘ರಾಮಾನ’. ಸಕರ್ಮಕ ಕ್ರಿಯೆಯ ಕರ್ತೃವನ್ನು ಹೀಗೆ ಬೇರೆಯಾಗಿ ಗುರುತಿಸುವ ವಿಭಕ್ತಿಗೆ ಭಾಷಾವಿಜ್ಞಾನದಲ್ಲಿ ಎರ್ಗೆಟಿವ್ ಎಂಬ ಹೆಸರಿದೆ. ಹಿಂದಿಯ ಭೂತಕಾಲದಲ್ಲಿ ಇದು ಬಹುಮಟ್ಟಿಗೆ ಕಡ್ಡಾಯ. ದ್ರಾವಿಡ ನುಡಿಗಳ ನಡುವೆ ಬಾಳಿದ ದಖನಿ ಉರ್ದು ಈ ‘ನೇ’ಯನ್ನು ಬಹುಪಾಲು ಬಿಟ್ಟೇಬಿಟ್ಟಿದೆ.

ಈ ಎರಡು ತುದಿಗಳ ನಡುವೆ ಇರುವ ಭಾಷೆಗಳು ನಮ್ಮ ಗಮನ ಬೇಡುತ್ತವೆ. ಅವುಗಳಲ್ಲಿ, ಮೊಂಗ್ಸೆನ್‌ನಲ್ಲಿ ಕಂಡಂತೆ, ಈ ಪ್ರತ್ಯಯ ಬರಲೂಬಹುದು, ಬಾರದಿರಲೂಬಹುದು. ಟಿಬೆಟನ್, ಮಣಿಪುರಿ, ಭೂತಾನಿನ ಕುರ್ಟೋಪ್ ಸೇರಿದಂತೆ ಟಿಬೆಟೊ-ಬರ್ಮನ್ ಕುಟುಂಬದ ಹಲವು ನುಡಿಗಳು ಹೀಗಿವೆ. ವಿಕಲ್ಪ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಬೇಕಾದವರು ಹಚ್ಚಿಕೊಳ್ಳಬಹುದು, ಬೇಡದವರು ಬಿಡಬಹುದು ಎಂಬ ಭಾವನೆ ಹುಟ್ಟುತ್ತದೆ. ಆಡುವವರ ಮಟ್ಟಿಗೆ ಅದು ಬೇಕಾಬಿಟ್ಟಿ ಆಯ್ಕೆಯಲ್ಲ.

ಕನ್ನಡಿಗರಿಗೆ ಇದು ತೀರ ಅಪರಿಚಿತವೂ ಅಲ್ಲ. ನಾವು ಇದೇ ಕೆಲಸವನ್ನು ಕರ್ಮದ ಕಡೆ ಮಾಡುತ್ತೇವೆ. ‘ಪುಸ್ತಕ ಓದಿದೆ’ ಎಂದರೆ ಓದುವ ಕೆಲಸ ನಡೆಯಿತು. ‘ಪುಸ್ತಕವನ್ನು ಓದಿದೆ’ ಎಂದರೆ ಇಬ್ಬರಿಗೂ ಗೊತ್ತಿರುವ ಯಾವುದೋ ಒಂದು ಪುಸ್ತಕ ಕಣ್ಣಮುಂದೆ ಬರುತ್ತದೆ. ‘ಮಗುವನ್ನು ಕರೆದೆ’ ಎನ್ನುವಲ್ಲಿ ಮಾತ್ರ ಪ್ರತ್ಯಯ ಬಿಡಲು ನಾಲಿಗೆ ಒಪ್ಪದು.

ಕೇಳುಗನ ನಿರೀಕ್ಷೆ

ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ಗೂನಿಯಂಡಿ ಮತ್ತು ವಾರ್ವಾ ಭಾಷೆಗಳನ್ನು ಅಭ್ಯಾಸ ಮಾಡಿದ ವಿಲಿಯಂ ಮೆಕ್‌ಗ್ರೆಗರ್, ಕರ್ತೃವಿನ ಪ್ರತ್ಯಯವನ್ನು ಹಚ್ಚುವ ಅಥವಾ ಬಿಡುವುದರ ಹಿಂದಿನ ಲೆಕ್ಕಾಚಾರವನ್ನು ಬಿಡಿಸಿಟ್ಟರು. ಅವರ ಪ್ರಕಾರ ಎರಡು ಸಂಗತಿಗಳು ಮುಖ್ಯ: ಕೆಲಸ ಮಾಡಿದವನು ಕೇಳುಗ ನಿರೀಕ್ಷಿಸಿದವನೇ? ಅವನ ಕೈವಾಡ ಎಷ್ಟು ಬಲವಾದದ್ದು? ನಿರೀಕ್ಷಿಸಿದವನೇ ಆಗಿ, ಕೈವಾಡವೂ ಸೌಮ್ಯವಾಗಿದ್ದರೆ ಪ್ರತ್ಯಯ ಬಿದ್ದುಹೋಗಬಹುದು. ಯಾರೂ ಎಣಿಸದವನು ಜೋರಾಗಿ ನಡುವೆ ಬಂದರೆ ವಾರ್ವಾ ಭಾಷೆಯಲ್ಲಿ ಅದಕ್ಕೆಂದೇ ಇನ್ನೊಂದು, ಹೆಚ್ಚು ಒತ್ತಿನ ಪ್ರತ್ಯಯವಿದೆ. ಕಥೆ ಹೇಳುವವನು ಕೇಳುವವನ ಮನಸ್ಸನ್ನು ಕ್ಷಣಕ್ಷಣಕ್ಕೂ ಅಳೆಯುತ್ತಿರುತ್ತಾನೆ. ಆ ಅಳತೆಯೇ ವ್ಯಾಕರಣವಾಗಿದೆ.

ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ ಕಾಲ್ಕರಿಂಜಿಯ ಕಥೆ ಇನ್ನೂ ಸೋಜಿಗದ್ದು. ಇದು 1966ರಲ್ಲಿ ವೇವ್ ಹಿಲ್ ಜಾನುವಾರು ಕೇಂದ್ರದ ಕೆಲಸ ಬಿಟ್ಟು ಹೊರನಡೆದು, ತಮ್ಮ ನೆಲಕ್ಕಾಗಿ ಹೋರಾಡಿದ ಗುರಿಂಜಿ ಜನರ ಊರು. ಇಲ್ಲಿ ಗುರಿಂಜಿ ಭಾಷೆಯೂ ಇಂಗ್ಲಿಷ್ ಮೂಲದ ಕ್ರಿಯೋಲ್ ಮಾತೂ ಬೆರೆತು ‘ಗುರಿಂಜಿ ಕ್ರಿಯೋಲ್’ ಎಂಬ ಹೊಸ ನುಡಿ ಹುಟ್ಟಿತು. ಹಳೆಯ ಗುರಿಂಜಿಯಲ್ಲಿ ಪದಗಳ ಕ್ರಮ ಸಡಿಲ. ಹೊಡೆದವನು ಯಾರು, ಹೊಡೆಸಿಕೊಂಡವನು ಯಾರು ಎಂಬುದನ್ನು ಪ್ರತ್ಯಯವೇ ಹೇಳಬೇಕಿತ್ತು. ಹೊಸ ನುಡಿಯಲ್ಲಿ ಆ ಕೆಲಸವನ್ನು ಪದಕ್ರಮವೇ ಮಾಡುತ್ತದೆ. ಹಾಗಾದರೆ ಪ್ರತ್ಯಯ ಸಾಯಬೇಕಿತ್ತು. ಅದು ಸಾಯದೆ, ಕರ್ತೃವನ್ನು ಎತ್ತಿ ತೋರಿಸುವ ಹೊಸ ಹೊಣೆ ಹೊತ್ತುಕೊಂಡಿತು ಎಂಬುದನ್ನು ಫೆಲಿಸಿಟಿ ಮೀಕಿನ್ಸ್ ಅವರ ಅಧ್ಯಯನ ತೋರಿಸಿದೆ. ಬೆರಕೆಯಾದೊಡನೆ ಭಾಷೆ ಕೆಟ್ಟಿತೆಂದು ಮರುಗುವವರು ಈ ಊರಿನ ಯುವಜನರ ಮಾತನ್ನು ಕಿವಿಗೊಟ್ಟು ಕೇಳಬೇಕು.

ದಾಖಲಿಸುವ ಬಗೆ

ಪ್ರತ್ಯಯದ ಈ ಸೂಕ್ಷ್ಮತೆ ಪ್ರಶ್ನಾವಳಿಗೆ ಸಿಕ್ಕುವುದು ಕಷ್ಟ. ‘ಅವನು ಹಾವು ಕೊಂದ ಎಂಬುದನ್ನು ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿದರೆ ವಾಕ್ಯವೇನೋ ಸಿಗುತ್ತದೆ. ಅದರಲ್ಲಿ ಕೇಳುಗನಿಲ್ಲ, ನಿರೀಕ್ಷೆಯಿಲ್ಲ, ಸಿಟ್ಟಿಲ್ಲ, ಅಚ್ಚರಿಯಿಲ್ಲ. ಪ್ರತ್ಯಯ ಬರಬೇಕೋ ಬೇಡವೋ ಎಂದು ನಿರ್ಧರಿಸುವ ಎಲ್ಲವೂ ಆಚೆಗೇ ಉಳಿಯುತ್ತದೆ. ಪದಪಟ್ಟಿಯೂ ಅನುವಾದಗೊಂಡ ಧರ್ಮಗ್ರಂಥವೂ ಒಂದು ಭಾಷೆಯ ಹೆಸರು ಮತ್ತು ಶಬ್ದಗಳನ್ನು ಉಳಿಸಬಲ್ಲವು. ಈ ವಿವೇಚನೆಯನ್ನು ಉಳಿಸಲಾರವು.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ನೇತೃತ್ವದಲ್ಲಿ, ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಕೇಂದ್ರ ಸರ್ಕಾರದ ಯೋಜನೆ 2013ರಲ್ಲಿ ಶುರುವಾಯಿತು. ಇಂಥ ಕೆಲಸಗಳಲ್ಲಿ ಮೊದಲ ಸ್ಥಾನ ಸಹಜ ಮಾತುಕತೆಗೆ ಸಿಗಬೇಕು: ಜಗಳ, ಹರಟೆ, ಬೇಟೆಯ ನೆನಪು, ನೆರೆಯವರ ಮೇಲಿನ ದೂರು. ಧ್ವನಿಮುದ್ರಿಸಿದ್ದನ್ನು ಬರಹಕ್ಕಿಳಿಸುವ ಕೆಲಸ ಆ ಊರಿನವರ ಕೈಯಲ್ಲೇ ಇರಬೇಕು. ಪ್ರತ್ಯಯ ಯಾಕೆ ಬಂತು, ಯಾಕೆ ಬರಲಿಲ್ಲ ಎಂದು ಹೇಳಬಲ್ಲವರು ಅವರೇ. ನಿರರ್ಗಳವಾಗಿ ಆಡುವವರು ಒಬ್ಬಿಬ್ಬರಷ್ಟೇ ಉಳಿದ ಮೇಲೆ ಪದಗಳನ್ನು ಕೇಳಿ ಪಡೆಯಬಹುದು, ಮಾತುಕತೆಯನ್ನು ಪಡೆಯಲಾಗದು. ಮಾತಾಡಲು ಎದುರಿಗೆ ಇನ್ನೊಬ್ಬರು ಇರುವಾಗಲೇ ಈ ಕೆಲಸ ಆಗಬೇಕು.