ಅಗಸೆ, ಹಾವಸೆ ಮತ್ತು ಮಧುಮೇಹ

ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಜೋಳದ ರೊಟ್ಟಿಯೊಡನೆ ಅಗಸೆಯ ಚಟ್ನಿಯನ್ನುಣ್ಣುವ ರೂಢಿಯು ಬಹುಕಾಲದಿಂದ ನಡೆದುಬಂದಿರುವುದು. ಈಚೆಗೆ ಔಷಧದ ಅಂಗಡಿಗಳಲ್ಲಿ ಹಾವಸೆಯ, ಎಂದರೆ ಪಾಚಿಯ, ಎಣ್ಣೆಯ ಗುಳಿಗೆಗಳೂ ದೊರೆಯುತ್ತಿರುವುವು. ಇವೆರಡರಲ್ಲಿಯೂ ಒಮೆಗಾ-೩ ಎಂಬ ಜಾತಿಯ ಕೊಬ್ಬಿನ ಆಮ್ಲಗಳುಂಟು. ಇವು ಮಧುಮೇಹವನ್ನು ಕಳೆಯುವುವೆಂದು ನಂಬಿ ವೈದ್ಯರ ಮದ್ದನ್ನು ಬಿಟ್ಟವನಿಗೆ ಕಣ್ಣು, ಮೂತ್ರಪಿಂಡ, ಕಾಲುಗಳಿಗೆ ಹಾನಿಯು ತಪ್ಪಿದುದಲ್ಲ. ಆದುದರಿಂದ ಇವುಗಳ ಗುಣವೆಷ್ಟು, ಮಿತಿಯೆಷ್ಟು ಎಂಬುದನ್ನು ಒಕ್ಕಲಿಗರು ಅರಿತಿರುವುದು ಅವಶ್ಯವು.

ಗಾಯವಾದೆಡೆಯಲ್ಲಿ ಕೆಂಪೇರಿ ಬಾವು ಬರುವುದಕ್ಕೆ ಉರಿಯೂತವೆಂದು ಹೆಸರು. ಇದು ದೇಹವು ತನ್ನನ್ನು ಕಾಯ್ದುಕೊಳ್ಳುವ ಕ್ರಮ. ಆದರೆ ಹೊಟ್ಟೆಯ ಸುತ್ತ ಬೊಜ್ಜು ಬೆಳೆದಾಗ, ಆ ಬೊಜ್ಜಿನಿಂದ ಉರಿಯೂತಕಾರಕ ದ್ರವ್ಯಗಳು ಸದಾ ಒಸರುತ್ತಿರುವುವು. ಹೊರಗೆ ಕಾಣದ ಈ ಮಂದವಾದ ಉರಿಯೂತವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುವುದು, ರಕ್ತನಾಳಗಳನ್ನೂ ಕೆಡಿಸುವುದು.

ಒಮೆಗಾ-೩ ಆಮ್ಲಗಳಲ್ಲಿ ಮುಖ್ಯವಾದವು ಮೂರು. ಅಗಸೆಯಲ್ಲಿರುವುದು ಆಲ್ಫಾ ಲಿನೋಲೆನಿಕ್ ಆಮ್ಲ. ಅಗಸೆಯ ಕಾಳಿನಲ್ಲಿ ಸುಮಾರು ನೂರಕ್ಕೆ ೪೦ ಪಾಲು ಎಣ್ಣೆಯಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಆಮ್ಲವೇ ಆಗಿರುವುದು. ನಮ್ಮ ಕುಸುಬೆಯ ಎಣ್ಣೆಯಲ್ಲಿ ಇದು ಇಲ್ಲವೆನ್ನುವಷ್ಟು ಅಲ್ಪ. ಉಳಿದೆರಡು ಇ.ಪಿ.ಎ. ಮತ್ತು ಡಿ.ಎಚ್.ಎ. ಎಂಬವು. ಉರಿಯೂತವನ್ನು ಶಮನಗೊಳಿಸುವ ದ್ರವ್ಯಗಳನ್ನು ದೇಹವು ಈ ಎರಡರಿಂದ ತಯಾರಿಸಿಕೊಳ್ಳುವುದು. ಇವುಗಳ ಮೂಲವು ಮೀನೆಂದು ಜನರು ತಿಳಿದಿರುವರು. ನಿಜವಾಗಿ ಸಮುದ್ರದ ಸೂಕ್ಷ್ಮ ಹಾವಸೆಯೇ ಇವನ್ನು ಹುಟ್ಟಿಸುವುದು, ಅದು ಆಹಾರಕ್ರಮದಿಂದ ಮೀನಿಗೆ ಸೇರುವುದು. ಅಗಸೆಯ ಆಮ್ಲವನ್ನು ಮನುಷ್ಯದೇಹವು ಇ.ಪಿ.ಎ.ಯಾಗಿ ಮಾರ್ಪಡಿಸುವುದು ಸ್ವಲ್ಪ, ಡಿ.ಎಚ್.ಎ.ಯಾಗಿ ಮಾರ್ಪಡಿಸುವುದು ಅತ್ಯಲ್ಪ. ಮೀನನ್ನು ತಿನ್ನದವರಿಗೆ ಹಾವಸೆಯ ಎಣ್ಣೆಯು ಉಪಯುಕ್ತವೆನ್ನುವುದು ಈ ಕಾರಣದಿಂದಲೇ.

ಇನ್ನು ಪರೀಕ್ಷೆಯ ಫಲವನ್ನು ನೋಡತಕ್ಕದ್ದು. ಬ್ರಿಟನ್ನಿನಲ್ಲಿ ೧೫,೪೮೦ ಮಧುಮೇಹಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮೀನೆಣ್ಣೆಯಿಂದ ತೆಗೆದ ಒಮೆಗಾ-೩ರ ಒಂದು ಗ್ರಾಮಿನ ಗುಳಿಗೆಯನ್ನೂ, ಮತ್ತೊಂದಕ್ಕೆ ಆಲಿವ್ ಎಣ್ಣೆಯ ಗುಳಿಗೆಯನ್ನೂ ಏಳು ವರ್ಷಕ್ಕೂ ಮೇಲ್ಪಟ್ಟು ದಿನಾಲು ಕೊಡಲಾಯಿತು. ೨೦೧೮ರಲ್ಲಿ ಪ್ರಕಟವಾದ ಫಲದಂತೆ, ಹೃದಯ ಮತ್ತು ರಕ್ತನಾಳಗಳ ತೀವ್ರ ವಿಕಾರಗಳಲ್ಲಿ ಎರಡು ಪಂಗಡಗಳಿಗೂ ಗಣನೀಯ ಭೇದವು ಕಾಣಲಿಲ್ಲ. ೨೦೧೯ರಲ್ಲಿ ೮೩ ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗಲೂ, ಮಧುಮೇಹವನ್ನು ತಡೆಯುವುದರಲ್ಲಾಗಲಿ ಗುಣಪಡಿಸುವುದರಲ್ಲಾಗಲಿ ಇದರಿಂದ ಪ್ರಯೋಜನವು ಇಲ್ಲ ಅಥವಾ ಅತ್ಯಲ್ಪವೆಂದು ತಿಳಿದುಬಂದಿತು. ರಕ್ತದಲ್ಲಿಯ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಇಳಿಸುವ ಗುಣವು ಮಾತ್ರ ಇ.ಪಿ.ಎ., ಡಿ.ಎಚ್.ಎ.ಗಳಿಗೆ ನಿಶ್ಚಯವಾಗಿ ಉಂಟು.

ಹೀಗಿರಲು ಅಗಸೆಯನ್ನು ಆಹಾರವೆಂದು ಉಣ್ಣಬೇಕೇ ಹೊರತು ಮದ್ದೆಂದಲ್ಲ. ನಾರು ಹೇರಳವಾಗಿರುವುದರಿಂದ ಆಹಾರವಾಗಿ ಅದು ಉತ್ತಮವೇ ಸರಿ. ಇಡಿಯ ಕಾಳು ಅರಗದೆ ಹಾಗೆಯೇ ಹೊರಬೀಳುವುದು. ಆದುದರಿಂದ ಹುರಿದು ಕುಟ್ಟಿ ಪುಡಿಮಾಡಬೇಕು. ಪುಡಿಯು ಬೇಗನೆ ಕಮಟು ಹಿಡಿಯುವುದರಿಂದ, ಎಂಟು ದಿನಕ್ಕೆ ಸಾಕಾಗುವಷ್ಟನ್ನೇ ಮಾಡಿ ಮುಚ್ಚಿದ ಡಬ್ಬಿಯಲ್ಲಿಡುವುದು ಒಳಿತು. ಅಗಸೆಯ ಎಣ್ಣೆಯಲ್ಲಿ ಕರಿಯಬಾರದು.

ಎರೆಭೂಮಿಯಲ್ಲಿ ಅಗಸೆಯು ಹಿಂಗಾರಿ ಬೆಳೆಯಾಗಿ ಉಳಿದ ತೇವದ ಮೇಲೆಯೇ ಬರುವುದು. ಮನೆಯ ಖರ್ಚಿನಷ್ಟನ್ನು ಅಕ್ಕಡಿಯಾಗಿಯೂ ಬೆಳೆದುಕೊಳ್ಳಬಹುದು. ಬೀಜದ ವಿಷಯವಾಗಿ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ವಿಚಾರಿಸತಕ್ಕದ್ದು. ಮಧುಮೇಹಿಯು ಚಟ್ನಿಯನ್ನು ತಾಟಿನಲ್ಲಿ ಬಡಿಸಿಕೊಳ್ಳಲಿ; ಗುಳಿಗೆಯ ವಿಷಯವನ್ನು ವೈದ್ಯರೊಡನೆ ಕೇಳಿಕೊಳ್ಳಲಿ; ಮದ್ದನ್ನು ಮಾತ್ರ ತಾನಾಗಿ ಬಿಡದಿರಲಿ.