ಹಳೆಯ ಜೀಪೂ ಕೆರೆಯ ಗೋಡೂ

ಕುಣಿಗಲಿನ ಹೆಸರನ್ನು ಕೇಳಿದೊಡನೆ ಕುದುರೆಯ ನೆನಪಾಗುವುದು ಸಹಜ. ಟಿಪ್ಪುವಿನ ಕಾಲದಲ್ಲಿ ಅಶ್ವಸೈನ್ಯಕ್ಕಾಗಿ ಕುದುರೆಗಳನ್ನು ಬೆಳೆಸಿದ ಊರು ಅದು. ಕುದುರೆಯನ್ನು ಕೊಳ್ಳಬಂದವನು ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುವನು; ಬಳಿಕ ಕಾಲೆತ್ತಿಸಿ ಗೊರಸನ್ನು ನೋಡುವನು; ಸವಾರಿಯೇನಿದ್ದರೂ ಆಮೇಲೆ. ಹಲ್ಲು ಪ್ರಾಣಿಯ ವಯಸ್ಸನ್ನು ಹೇಳಿದರೆ, ಅದನ್ನು ಎಂತಹ ನೆಲದಲ್ಲಿ ದುಡಿಸಿದ್ದರೆಂಬುದನ್ನು ಗೊರಸು ಹೇಳುತ್ತದೆ. ಇಂದು ಹಳೆಯ ಫೋರ್ ವೀಲ್ ಜೀಪನ್ನು ಕೊಳ್ಳಹೊರಟವರಲ್ಲಿ ಎಷ್ಟು ಮಂದಿ ಈ ಕ್ರಮವನ್ನು ಅನುಸರಿಸುತ್ತಾರೆ? ಹೊಸ ಬಣ್ಣವನ್ನೂ ದಪ್ಪನೆಯ ಟಯರುಗಳನ್ನೂ ಕಂಡು ಮುಂಗಡ ಕೊಟ್ಟುಬಿಡುವವರೇ ಹೆಚ್ಚು.

ಗುಬ್ಬಿ ತಾಲ್ಲೂಕಿನಲ್ಲಿ ಒಂದು ತೋಟದ ಮನೆಯಿದೆಯೆಂದು ಭಾವಿಸೋಣ. ಡಾಂಬರು ರಸ್ತೆಯಿಂದ ಅಲ್ಲಿಗೆ ಮೂರು ಕಿಲೋಮೀಟರು. ದಾರಿ ಮೊದಲು ಕೆಂಪು ನೆಲದ ದಿಣ್ಣೆಯನ್ನು ಹತ್ತಿ ಇಳಿಯುತ್ತದೆ. ನಡುವೆ ಒಂದು ಹಳ್ಳ. ಮುಂದೆ ಕೆರೆಯ ಹಿನ್ನೀರಿನಂಚು. ಬೇಸಗೆಯಲ್ಲಿ ಅಲ್ಲಿ ಯಾವ ಗಾಡಿಯಾದರೂ ಓಡೀತು. ಭಾದ್ರಪದ ಆಶ್ವೀಜಗಳ ಮಳೆ ಹಿಡಿದಾಗ ತೆಂಗಿನಕಾಯಿ ತೋಟದಲ್ಲೇ ಉಳಿಯುತ್ತದೆ. ಅದು ಹೇಗೋ ಆದೀತು. ಮನೆಯಲ್ಲಿ ಅಜ್ಜಿಗೆ ರಾತ್ರಿ ಎದೆನೋವು ಬಂದರೆ ತುಮಕೂರಿನ ಆಸ್ಪತ್ರೆಯನ್ನು ಸೇರುವ ಬಗೆ ಹೇಗೆ? ಎರಡು ವರ್ಷದ ಕೊಬ್ಬರಿಯ ಹಣವನ್ನು ಕೂಡಿಟ್ಟ ತಂದೆ, ಕಾಲೇಜಿನಲ್ಲಿ ಓದುವ ಮಗಳನ್ನು ಕರೆದು, “ನೀನು ವಿಜ್ಞಾನ ಓದಿದವಳಲ್ಲವೇನಮ್ಮ, ಯಾವುದು ಒಳ್ಳೆಯದು ಹೇಳು” ಎನ್ನುತ್ತಾರೆ. ಮುಂದಿರುವುವು ಮೂರು ಹಳೆಯ ಗಾಡಿಗಳು: ಮಹೀಂದ್ರ ಮೇಜರ್, ಮಾರುತಿ ಜಿಪ್ಸಿ, ಮತ್ತು 2020ರಲ್ಲಿ ಬಂದ ಹೊಸ ಮಾದರಿಯ ಥಾರ್.

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಗಾಡಿ ಆ ಕೆಸರನ್ನು ದಾಟಬಲ್ಲುದೆ ಎಂಬುದು ಒಂದು. ಬೇಕಾದ ದಿನ ಅದು ಹೊರಡುವುದೆ ಎಂಬುದು ಇನ್ನೊಂದು. ಮೊದಲನೆಯದನ್ನು ಸಾಮರ್ಥ್ಯವೆಂದೂ ಎರಡನೆಯದನ್ನು ನೆಚ್ಚಿಕೆಯೆಂದೂ ಕರೆಯೋಣ. ಸಾಮರ್ಥ್ಯವು ಬಹುಮಟ್ಟಿಗೆ ಕಾರ್ಖಾನೆಯಲ್ಲೇ ನಿರ್ಧಾರವಾಗಿ ಬರುತ್ತದೆ. ನೆಚ್ಚಿಕೆಯಾದರೋ ಹಿಂದಿನ ಒಡೆಯನ ಕೈಯಲ್ಲಿ ದಿನದಿನಕ್ಕೂ ಸವೆದು ಬಂದಿರುತ್ತದೆ.

ಸಾಮರ್ಥ್ಯದ ಮೊದಲ ತೀರ್ಪುಗಾರ ನೆಲ. ದಿಣ್ಣೆಯ ಕೆಂಪುಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚು. ಮಳೆ ನಿಂತ ಕೆಲವು ಗಂಟೆಗಳಲ್ಲಿ ನೀರು ಬಸಿದುಹೋಗಿ ನೆಲ ಗಟ್ಟಿಯಾಗುತ್ತದೆ. ಕೆರೆಯಂಗಳದ ಗೋಡು ಹಾಗಲ್ಲ. ಅದು ನೂರಾರು ವರ್ಷ ನೀರು ಹೊತ್ತು ತಂದ ಅತಿ ಸೂಕ್ಷ್ಮವಾದ ಜೇಡಿ. ಅದರ ಕಣಗಳು ಮಿಲಿಮೀಟರಿನ ಐನೂರರಲ್ಲೊಂದು ಭಾಗಕ್ಕಿಂತಲೂ ಚಿಕ್ಕವು, ಮೇಲಾಗಿ ಚಪ್ಪಟೆ. ಅವುಗಳ ನಡುವೆ ನೀರಿನ ಪದರ ನಿಂತರೆ, ಎಣ್ಣೆ ಸವರಿದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಂತೆ ಜಾರುತ್ತವೆ.

ಈಗ ಒಂದು ಸಣ್ಣ ಲೆಕ್ಕ. ಗಾಡಿಯ ತೂಕ 1000 ಕಿಲೋಗ್ರಾಂ ಇರಲಿ. ಅದರಲ್ಲಿ ಅರ್ಧ ಹಿಂದಿನ ಗಾಲಿಗಳ ಮೇಲೆ, ಅರ್ಧ ಮುಂದಿನವುಗಳ ಮೇಲೆ. ಒದ್ದೆ ಜೇಡಿಯಲ್ಲಿ ಟಯರಿನ ಘರ್ಷಣಾಂಕ 0.3 ಎಂದಿಟ್ಟುಕೊಳ್ಳೋಣ. ಗಾಲಿಯು ನೆಲವನ್ನು ಎಷ್ಟು ಬಲದಿಂದ ಹಿಂದಕ್ಕೆ ತಳ್ಳಬಲ್ಲುದು? ತನ್ನ ಮೇಲಿನ ಭಾರದ 0.3 ಭಾಗದಷ್ಟು ಮಾತ್ರ. ಹಿಂದಿನ ಗಾಲಿಗಳು ಮಾತ್ರ ಎಳೆಯುವ ಗಾಡಿಗೆ ದೊರೆಯುವುದು 500ರ 0.3 ಭಾಗ, ಅಂದರೆ 150 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ. ಗಾಲಿಗಳು ಕೆಸರನ್ನು ಒತ್ತರಿಸಿಕೊಂಡು ಹೋಗಬೇಕಾದುದರಿಂದ ಕೆಸರು ಒಡ್ಡುವ ತಡೆಯೂ ಇದೆ. ಅದು ಗಾಡಿಯ ತೂಕದ ಶೇಕಡ 15ರಷ್ಟಾದರೆ ಅದೂ 150! ದೊರೆತದ್ದೆಲ್ಲ ತಡೆಗೇ ಮುಗಿಯಿತು. ಗಾಡಿ ನಿಂತಲ್ಲೇ ನಿಂತು ಗಾಲಿ ಮಾತ್ರ ಗಿರಗಿರನೆ ತಿರುಗುತ್ತದೆ. ನಾಲ್ಕು ಗಾಲಿಗಳೂ ಎಳೆದರೆ 300 ದೊರೆಯುತ್ತದೆ. ತಡೆಯನ್ನು ಕಳೆದ ಮೇಲೂ 150 ಉಳಿಯುತ್ತದೆ. ಯಂತ್ರದ ಅಶ್ವಶಕ್ತಿ ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಹೆಚ್ಚು ಅಶ್ವಶಕ್ತಿಯಿಂದ ಗಾಲಿ ಇನ್ನೂ ವೇಗವಾಗಿ ಹೂತುಕೊಳ್ಳುತ್ತದೆ, ಅಷ್ಟೆ.

ಇನ್ನೊಂದು ವಿಚಿತ್ರವೂ ಇಲ್ಲಿದೆ. ದೊರೆಯುವ ಬಲ, ಎದುರಾಗುವ ತಡೆ ಎರಡೂ ತೂಕದ ಪಾಲುಗಳೇ ಆದುದರಿಂದ ತೂಕವೇ ಲೆಕ್ಕದಿಂದ ಜಾರಿಹೋಯಿತು. ಹಾಗಾದರೆ ಸುಮಾರು 1000 ಕಿಲೋಗ್ರಾಂ ತೂಗುವ ಜಿಪ್ಸಿಯೂ ಒಂದೂಮುಕ್ಕಾಲು ಟನ್ನಿನಷ್ಟು ತೂಗುವ ಥಾರೂ ಕೆಸರಿನಲ್ಲಿ ಒಂದೇ ಏನು? ಅಲ್ಲ. ಗಾಲಿ ಆಳಕ್ಕಿಳಿದಷ್ಟೂ ಕೆಸರಿನ ತಡೆ ಏರುತ್ತದೆ. ಎಷ್ಟು ಆಳಕ್ಕಿಳಿಯುವುದೆಂಬುದು ನೆಲದ ಮೇಲಣ ಒತ್ತಡವನ್ನು ಅವಲಂಬಿಸಿದೆ. ಈ ಒತ್ತಡ ಸರಿಸುಮಾರಾಗಿ ಟಯರಿನೊಳಗಿನ ಗಾಳಿಯ ಒತ್ತಡಕ್ಕೆ ಸಮ. ಹಗುರವಾದ ಗಾಡಿ ಕಡಮೆ ಗಾಳಿಯಲ್ಲಿ ಓಡಬಲ್ಲುದು, ಭಾರವಾದುದಕ್ಕೆ ಹೆಚ್ಚು ಗಾಳಿ ಬೇಕು. ಒಂದೊಂದು ಗಾಲಿಯ ಮೇಲೆ 250 ಕಿಲೋಗ್ರಾಂ ಭಾರವಿದ್ದು, ಗಾಳಿ ಚದರ ಅಂಗುಲಕ್ಕೆ 24 ಪೌಂಡಿದ್ದರೆ, ಟಯರು ನೆಲವನ್ನು ಮುಟ್ಟುವ ಹರವು ಹೆಚ್ಚು ಕಡಮೆ 150 ಚದರ ಸೆಂಟಿಮೀಟರು. ಗಾಳಿಯನ್ನು 16 ಪೌಂಡಿಗೆ ಇಳಿಸಿದರೆ ಹರವು ಒಂದೂವರೆಯಷ್ಟಾಗುತ್ತದೆ. ಗೋಡಿನಲ್ಲಿ ಸಿಕ್ಕಿಕೊಂಡಾಗ ಟ್ರ್ಯಾಕ್ಟರಿಗಾಗಿ ಕೂಗುವ ಮುನ್ನ ಟಯರಿನ ಗಾಳಿ ಬಿಟ್ಟು ನೋಡುವುದು ಕಾಸು ಖರ್ಚಿಲ್ಲದ ಉಪಾಯ. ಡಾಂಬರಿಗೆ ಬಂದ ಕೂಡಲೆ ಮತ್ತೆ ಗಾಳಿ ತುಂಬಿಸಿಕೊಳ್ಳಬೇಕೆಂಬುದನ್ನು ಮಾತ್ರ ಮರೆಯಬಾರದು.

ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವುದಾದರೆ ಗಾಡಿ ನಿಲ್ಲುವ ಪ್ರಶ್ನೆಯೇ ಇಲ್ಲವೆಂದು ಹಲವರು ನಂಬಿರುತ್ತಾರೆ. ಇಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗುಂಪು ಅಡ್ಡ ಬರುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಅವಕಾಶ ಕೊಡುವ ಸಲುವಾಗಿ ಒಂದು ಅಚ್ಚಿನ ಎರಡು ಗಾಲಿಗಳನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಗೊಡುವ ಸಾಧನ ಅದು. ಆದರೆ ಅದರ ಸ್ವಭಾವವೇನೆಂದರೆ, ಎರಡು ಗಾಲಿಗಳಿಗೂ ಸಮನಾದ ತಿರುಚುಬಲವನ್ನೇ ಹಂಚುವುದು. ಒಂದು ಗಾಲಿ ಗೋಡಿನಲ್ಲಿ ಜಾರಿ ತಿರುಗತೊಡಗಿದರೆ ಅದಕ್ಕೆ ಬೇಕಾದ ಬಲ ಅತ್ಯಲ್ಪ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿಗೂ ಅಷ್ಟೇ ಅಲ್ಪವೇ ಗತಿ! ಹಳ್ಳದ ಕೊರಕಲಿನಲ್ಲಿ ಮುಂದಿನ ಎಡಗಾಲಿಯೂ ಹಿಂದಿನ ಬಲಗಾಲಿಯೂ ಒಟ್ಟಿಗೆ ತೂಗಾಡಿದರೆ ಫೋರ್ ವೀಲ್ ಗಾಡಿಯೂ ನಿಂತುಬಿಡುತ್ತದೆ. ಇದನ್ನು ಗೆಲ್ಲುವುದಕ್ಕೆ ಎರಡು ಗಾಲಿಗಳನ್ನೂ ಬಿಗಿದು ಒಂದಾಗಿಸುವ ಲಾಕು ಬೇಕು. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡು ಅಚ್ಚುಗಳಿಗೂ ಈ ಸೌಕರ್ಯವಿದೆ. 2020ರ ಥಾರಿನ ಕೆಲವು ಮಾದರಿಗಳಲ್ಲಿ ಹಿಂದಿನ ಅಚ್ಚಿಗಿದೆ. ಜಿಪ್ಸಿಗೂ ಮೇಜರಿಗೂ ಕಾರ್ಖಾನೆಯಿಂದ ಬಂದದ್ದಿಲ್ಲ. ನೀರಿನಲ್ಲಿಯೂ ಥಾರಿನದೇ ಮೇಲುಗೈ: 650 ಮಿಲಿಮೀಟರು ಆಳದವರೆಗೆ ಇಳಿಯಬಹುದೆಂದು ತಯಾರಕರು ಹೇಳಿದ್ದಾರೆ. ಅದು ನಿಂತ ನೀರಿನ ಮಾತು. ಹರಿಯುವ ಹಳ್ಳಕ್ಕೆ ಈ ಅಂಕಿಯನ್ನು ಅನ್ವಯಿಸಲು ಹೋದವರನ್ನು ನೀರು ಕ್ಷಮಿಸುವುದಿಲ್ಲ.

ಇಷ್ಟನ್ನು ಕೇಳಿದರೆ ಹಣವಿದ್ದವರು ಥಾರನ್ನೇ ಕೊಳ್ಳಲಿ ಎನ್ನಿಸೀತು. ಆದರೆ ಎರಡನೆಯ ಪ್ರಶ್ನೆ ಇನ್ನೂ ಉಳಿದಿದೆ.

ಗಾಡಿಯ ನೆಚ್ಚಿಕೆ ಸರಪಣಿಯಂತಹದು. ಗಾಡಿಯಲ್ಲಿ 100 ಮುಖ್ಯ ಭಾಗಗಳಿವೆ, ಒಂದು ಕೆಟ್ಟರೂ ಗಾಡಿ ನಿಲ್ಲುತ್ತದೆ, ಒಂದೊಂದೂ ವರ್ಷವಿಡೀ ಕೆಡದಿರುವ ಸಂಭವ 100ಕ್ಕೆ 99 ಎಂದಿಟ್ಟುಕೊಳ್ಳಿ. ಆಗ ಇಡೀ ಗಾಡಿ ವರ್ಷವಿಡೀ ಕೆಡದಿರುವ ಸಂಭವವೆಷ್ಟು? 0.99 ಅನ್ನು 100 ಬಾರಿ ಗುಣಿಸಬೇಕು. ಉತ್ತರ 0.37ಕ್ಕೂ ಕೊಂಚ ಕಡಮೆ! ಒಂದೊಂದು ಭಾಗ ಎಷ್ಟು ಒಳ್ಳೆಯದಾದರೂ, ಭಾಗಗಳು ಹೆಚ್ಚಿದಂತೆ ಇಡಿಯ ಗಾಡಿಯ ಭರವಸೆ ಕುಗ್ಗುತ್ತದೆ. 1941ರಲ್ಲಿ ಯುದ್ಧಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರ ಸಂಸ್ಥೆ 1947ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಆ ವಂಶದ ಕೊನೆಯ ಕುಡಿಗಳಲ್ಲೊಂದಾದ ಮೇಜರಿನ ಗುಟ್ಟು ಇದೇ: ಭಾಗಗಳು ಕಡಮೆ. ಡೀಸೆಲನ್ನು ಚಿಮ್ಮಿಸುವುದು ಯಾಂತ್ರಿಕ ಪಂಪು. ಒಮ್ಮೆ ಹೊತ್ತಿಸಿದರೆ ಬಹುಮಟ್ಟಿಗೆ ವಿದ್ಯುತ್ತಿನ ಹಂಗಿಲ್ಲದೆ ಓಡುತ್ತದೆ. ಹೊಸ ಡೀಸೆಲ್ ಯಂತ್ರಗಳಲ್ಲಾದರೋ ಇಂಧನವು ವಾಯುಭಾರದ ಸಾವಿರಕ್ಕೂ ಹೆಚ್ಚು ಪಟ್ಟು ಒತ್ತಡದಲ್ಲಿ ಚಿಮ್ಮುತ್ತದೆ. ಎಷ್ಟು, ಯಾವಾಗ ಎಂಬುದನ್ನು ಒಂದು ಸಣ್ಣ ಗಣಕಯಂತ್ರ ನಿರ್ಧರಿಸುತ್ತದೆ. ಡೀಸೆಲಿನಲ್ಲಿ ಚೂರು ನೀರು ಸೇರಿದರೂ ಅದಕ್ಕೆ ಅಪಚನ.

ಹಾಗೆಂದು ಹೊಸದು ಬೇಗ ಕೆಡುತ್ತದೆಂದಲ್ಲ. ಇಂದಿನ ಭಾಗಗಳ ಗುಣಮಟ್ಟ ಎಷ್ಟೋ ಮೇಲು. ಆದುದರಿಂದ ಎಷ್ಟು ದಿನಕ್ಕೊಮ್ಮೆ ಕೆಡುತ್ತದೆ ಎಂಬುದರ ಜೊತೆಗೆ, ಕೆಟ್ಟರೆ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನೂ ಕೇಳಬೇಕು. ಹಳೆಯ ಜೀಪು 30 ದಿನಕ್ಕೊಮ್ಮೆ ಕೆಟ್ಟು, ಗುಬ್ಬಿಯ ಮೆಕ್ಯಾನಿಕ್ಕು ಒಂದೇ ದಿನದಲ್ಲಿ ಸರಿಮಾಡಿದರೆ, 31 ದಿನಗಳಲ್ಲಿ 30 ದಿನ ಗಾಡಿ ನಮ್ಮ ಕೈಗಿದೆ: ಶೇಕಡ 97. ಹೊಸ ಗಾಡಿ 200 ದಿನಕ್ಕೊಮ್ಮೆ ಕೆಟ್ಟು, ತುಮಕೂರಿಗೆ ಹೊತ್ತೊಯ್ದು, ಪರೀಕ್ಷಾಯಂತ್ರ ಜೋಡಿಸಿ, ಬಿಡಿಭಾಗ ತರಿಸುವುದರಲ್ಲಿ 8 ದಿನ ಹೋದರೆ, 208ರಲ್ಲಿ 200: ಶೇಕಡ 96. ಈ ಅಂಕಿಗಳು ಲೆಕ್ಕಕ್ಕಾಗಿ ನಾವು ಊಹಿಸಿಕೊಂಡವು. ಆದರೆ ತತ್ತ್ವ ಊಹೆಯಲ್ಲ. ತುಮಕೂರು ಪೇಟೆಯಲ್ಲಿ ವಾಸಿಸುವವನಿಗೆ ಈ 8 ದಿನ 2 ದಿನವಾಗುತ್ತದೆ. ಅವನ ಪಾಲಿಗೆ ಉತ್ತರವೂ ಬದಲಾಗುತ್ತದೆ. ಇತ್ತ, ತಿಂಗಳಿಗೊಮ್ಮೆ ಕೆಡುವ ಜೀಪು ಯಾವ ರಾತ್ರಿ ಕೆಟ್ಟೀತೆಂದು ಬಲ್ಲವರಾರು? ಶೇಕಡ 97 ಎಂಬ ಸರಾಸರಿಯಿಂದ ಅಜ್ಜಿಯ ಎದೆನೋವಿಗೆ ಸಮಾಧಾನ ಹೇಳಲಾಗದು.

ನಡುವಿನ ಸ್ಥಾನ ಜಿಪ್ಸಿಯದು. 1985ರ ಡಿಸೆಂಬರಿನಲ್ಲಿ ಬಂದ ಈ ಗಾಡಿಗೆ 1996ರಲ್ಲಿ 1.3 ಲೀಟರಿನ ಪೆಟ್ರೋಲು ಯಂತ್ರ ದೊರೆಯಿತು. 2000ದ ವೇಳೆಗೆ ಕಾರ್ಬ್ಯುರೇಟರು ಹೋಗಿ ಇಂಧನವನ್ನು ಅಳೆದು ಚಿಮ್ಮಿಸುವ ಏರ್ಪಾಡು ಬಂತು. ಸೈನ್ಯ, ಪೊಲೀಸು, ಅರಣ್ಯ ಇಲಾಖೆಗಳಲ್ಲಿ ದಶಕಗಳ ಕಾಲ ದುಡಿದು, 2019ರ ವೇಳೆಗೆ ಸಾರ್ವಜನಿಕರಿಗೆ ಮಾರುವುದು ನಿಂತಿತು. ಹಗುರ, ಸರಳ, ಗಟ್ಟಿ. ದೋಷವೆಂದರೆ ಪೆಟ್ರೋಲು ಕುಡಿಯುತ್ತದೆ, ಪಟ್ಟಿ ಸ್ಪ್ರಿಂಗುಗಳ ಮೇಲೆ ಕುಣಿಯುತ್ತದೆ, ಹೆಚ್ಚು ಕಾಯಿ ಹೊರಲಾರದು. (ಸೇನೆಯ ಹರಾಜಿನಿಂದ ಬಂದ ಜೋಂಗಾಗಳ ಮೇಲೂ ಕೆಲವು ತರುಣರಿಗೆ ಮೋಹವುಂಟು. ಜಬಲ್ಪುರದಲ್ಲಿ ತಯಾರಾದ ಅದರ ಪೆಟ್ರೋಲು ಯಂತ್ರ 4 ಲೀಟರಿನಷ್ಟು ದೊಡ್ಡದು. ತೋಟದ ಆದಾಯವೆಲ್ಲ ಅದರ ಟ್ಯಾಂಕಿಗೇ ಸಾಲದು.)

ಇನ್ನು ಹಲ್ಲು, ಗೊರಸುಗಳ ಪರೀಕ್ಷೆ. ಮೇಜರ್ ಎಂದ ಮಾತ್ರಕ್ಕೆ, ಥಾರ್ ಎಂದ ಮಾತ್ರಕ್ಕೆ ಫೋರ್ ವೀಲ್ ಎಂದು ತಿಳಿಯಬಾರದು. ಎರಡರಲ್ಲೂ ಹಿಂದಿನ ಗಾಲಿಗಳು ಮಾತ್ರ ಎಳೆಯುವ ಮಾದರಿಗಳಿವೆ. ಫೋರ್ ವೀಲೇ ಆಗಿದ್ದರೂ ಡೀಸೆಲ್ ಉಳಿತಾಯಕ್ಕೆಂದು ಮುಂದಿನ ಶಾಫ್ಟನ್ನು ಬಿಚ್ಚಿಟ್ಟವರುಂಟು. ಸಡಿಲ ಮಣ್ಣಿಗೆ ಗಾಡಿಯನ್ನು ಒಯ್ದು, ಸನ್ನೆಕೋಲನ್ನು ಹಾಕಿಸಿ, ಹೊರಗೆ ದೂರ ನಿಂತು ಮುಂದಿನ ಗಾಲಿಗಳು ಮಣ್ಣನ್ನು ಕೆರೆಯುತ್ತಿವೆಯೇ ಎಂದು ನೋಡಬೇಕು. ಈ ಪರೀಕ್ಷೆಯನ್ನು ಒಣ ಡಾಂಬರಿನ ಮೇಲೆ ಮಾಡಿ ತೋರಿಸುವೆನೆನ್ನುವ ಮಾರಾಟಗಾರನಿಗೆ ಗಾಡಿಯ ಮರ್ಮ ತಿಳಿದಿಲ್ಲವೆಂದೇ ಅರ್ಥ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಹಿಂದುಮುಂದಿನ ಅಚ್ಚುಗಳು ಬಿಗಿದುಕೊಂಡಿರುವಾಗ ಆ ವ್ಯತ್ಯಾಸ ಮಣ್ಣಿನಲ್ಲಾದರೆ ಜಾರಿ ಕಳೆದುಹೋಗುತ್ತದೆ, ಡಾಂಬರಿನಲ್ಲಾದರೆ ಶಾಫ್ಟುಗಳನ್ನು ತಿರುಚುತ್ತದೆ. ಹಾಗೆ ಓಡಿಸಿದ ಗಾಡಿಗಳ ಗೇರುಪೆಟ್ಟಿಗೆಯಲ್ಲಿ ಗೊರಗೊರ ಸದ್ದು ಹುಟ್ಟಿರುತ್ತದೆ.

ಎಲ್ಲಕ್ಕಿಂತ ನಂಬತಕ್ಕ ಸಾಕ್ಷಿ ಎಣ್ಣೆ. ಎರಡು ಡಿಫರೆನ್ಷಿಯಲುಗಳ ಬಿರಡೆಯನ್ನೂ ಬಿಚ್ಚಿಸಿ, ಬೆರಳದ್ದಿ ನೋಡಬೇಕು. ಕಪ್ಪಾಗಿದ್ದರೆ ಚಿಂತೆಯಿಲ್ಲ, ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ನೀರು ಸೇರಿದೆ. ನಾವು ಒಮ್ಮೆ ಕುಣಿಗಲಿನ ಬಳಿ ಕಂಡ ಜೀಪೊಂದು ಮದುಮಗನಂತೆ ಹೊಳೆಯುತ್ತಿತ್ತು. ಮುಂದಿನ ಅಚ್ಚಿನಿಂದ ಇಳಿದದ್ದು ಅಪ್ಪಟ ಕಾಫಿ. ತಳದಲ್ಲಿ ಬೇರಿಂಗಿನ ಬೆಳ್ಳಿಪುಡಿ. ಅದು ಕೆರೆಯ ನೀರಿನಲ್ಲಿ ಎಷ್ಟು ಮಳೆಗಾಲಗಳನ್ನು ಕಳೆದಿತ್ತೋ! ಚಾಸಿಯ ಮೇಲಿನ ಕೆಂಪುಮಣ್ಣನ್ನು ತೊಳೆಸದೆ ಬಿರುಕನ್ನು ಹುಡುಕುವುದೂ ವ್ಯರ್ಥ.

ಕಾಗದಪತ್ರಗಳೂ ಯಂತ್ರದ ಭಾಗಗಳೇ. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಗಾಡಿಯ ನೋಂದಣಿ 15 ವರ್ಷದ್ದು. ಬಳಿಕ ತಪಾಸಣೆಯಾಗಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲಿನಲ್ಲಿ ಈ ಶುಲ್ಕವನ್ನು ಕಾರು ಜೀಪುಗಳಿಗೆ 600 ರೂಪಾಯಿಗಳಿಂದ 5,000ಕ್ಕೆ ಏರಿಸಲಾಯಿತು. ಅದೇ ಕಾಯಿದೆಯ 52ನೆಯ ಪ್ರಕರಣ ಗಾಡಿಯ ಮೂಲ ಸ್ವರೂಪವನ್ನು ಬದಲಿಸುವುದಕ್ಕೆ ತಡೆಯೊಡ್ಡುತ್ತದೆ. ಬೇರೆ ಯಂತ್ರ ಕೂರಿಸಿದ, ಅಚ್ಚು ಬದಲಿಸಿದ ಜೀಪು ಎಷ್ಟೇ ಸಮರ್ಥವಾಗಿರಲಿ, ತಪಾಸಣೆಯ ದಿನ ನಿಲ್ಲುವುದು ಖಂಡಿತ.

ಆ ಮಗಳಿಗೆ ನಾವು ಕೊಡುವ ಸಲಹೆ ಇಷ್ಟು. ಕಾಯಿ ಸಾಗಿಸಲು ತೋಟದಲ್ಲಿ ಟ್ರ್ಯಾಕ್ಟರಿದ್ದು, ಜನರನ್ನು ರಸ್ತೆ ಮುಟ್ಟಿಸುವುದಷ್ಟೇ ಕೆಲಸವಾದರೆ, ಎಣ್ಣೆ ಶುದ್ಧವಾಗಿರುವ, ನೋಂದಣಿ ನವೀಕರಿಸಿದ ಜಿಪ್ಸಿ. ಹೊರೆಯೂ ಅದರ ಮೇಲೆಯೇ ಬೀಳುವುದಾದರೆ ಮೇಜರ್, ಅದೂ ಊರಿನ ಮೆಕ್ಯಾನಿಕ್ಕಿಗೆ ಮೊದಲು ತೋರಿಸಿದ ಮೇಲೆ. ವಾರಕ್ಕೈದು ದಿನ ತುಮಕೂರಿಗೆ ಹೆದ್ದಾರಿಯಲ್ಲಿ ಓಡಾಡುವ ಮನೆಯಾದರೆ ಥಾರಿಗೆ ಹೆಚ್ಚಿನ ಹಣ ತೆತ್ತರೂ ತಪ್ಪಿಲ್ಲ. ಯಾವುದನ್ನು ಕೊಂಡರೂ, ಬೆಲೆಯಲ್ಲಿ ಹತ್ತರಲ್ಲೊಂದು ಪಾಲನ್ನು ಟಯರು, ಎಣ್ಣೆ, ಬೇರಿಂಗುಗಳಿಗೆಂದು ಎತ್ತಿಟ್ಟು, ಮೊದಲ ಮಳೆಗೆ ಮುಂಚೆಯೇ ಒಮ್ಮೆ ಹಗಲಿನಲ್ಲಿ ಆ ಹಳ್ಳವನ್ನು ದಾಟಿ ನೋಡಲಿ.